ಡಾಸ್ ವ್ಯವಸ್ಥೆಯಲ್ಲಿ ಆಜ್ಞಾಪರಂಪರೆ: ಒಂದು ಆಕರ ವಿಮರ್ಶೆ

1. ಪ್ರಸ್ತಾವನೆ

ಕಲ್ಯಾಣ ಚಾಳುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆಲ್ಲ ಅವುಗಳ ಒಂದು ರೂಢಿ ಪರಿಚಿತವಾಗಿದೆ. ಮೊದಲು ಚಕ್ರವರ್ತಿಯ ಹೆಸರು ಬರುತ್ತದೆ; ಬಳಿಕ ‘ತತ್ಪಾದಪದ್ಮೋಪಜೀವಿ’ ಎಂಬ ವಿಶೇಷಣದೊಡನೆ ಮಾಂಡಲಿಕನ ಹೆಸರು; ಆತನ ಕೆಳಗೆ ಬೆಳ್ವೊಲ-300, ಪುಲಿಗೆರೆ-300 ಮೊದಲಾದ ನಾಡುಗಳನ್ನು ಆಳುತ್ತಿದ್ದ ಅಧಿಕಾರಿ. ಯಾರ ಅಧೀನದಲ್ಲಿ ಯಾರು ಕಾರ್ಯವೆಸಗಿದರು ಎಂಬ ಈ ಪರಂಪರೆಯನ್ನು ಅರಿಯದೆ ದಾನವನ್ನಷ್ಟೇ ಓದಿದರೆ ಶಾಸನದ ಅರ್ಧ ಸಾಕ್ಷ್ಯವು ನಷ್ಟವಾಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಗಣಕಯಂತ್ರದ ಮೇಲೆ ಸಿದ್ಧವಾದ ಕನ್ನಡ ದಾಖಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆಂಬುದು ನಮ್ಮ ಅಭಿಪ್ರಾಯ. ಒಂದು ಕ್ರಮವಿಧಿಯು, ಅಂದರೆ ಪ್ರೋಗ್ರಾಮು, ಇನ್ನೊಂದನ್ನು ಹೇಗೆ ಕಾರ್ಯಕ್ಕೆ ತೊಡಗಿಸುತ್ತಿತ್ತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿ, ಇತಿಹಾಸದ ವಿದ್ಯಾರ್ಥಿಗೆ ಅದರಿಂದ ಒದಗುವ ಎಚ್ಚರಿಕೆಗಳನ್ನು ಸೂಚಿಸಲು ಉದ್ದೇಶಿಸಿದ್ದೇವೆ.

2. ಪೂರ್ವೇತಿಹಾಸ

ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆಯಲ್ಲಿ ಆಜ್ಞೆಯನ್ನು ಸ್ವೀಕರಿಸುವ ಭಾಗವೂ, ಆಜ್ಞೆಯಂತೆ ಕೆಲಸ ಮಾಡುವ ಕ್ರಮವಿಧಿಯೂ ಸ್ಮೃತಿಯ ಅದೇ ಕ್ಷೇತ್ರವನ್ನು ಬಳಸಬಹುದಾಗಿತ್ತು. ಸ್ಥಳ ಸಾಲದಿದ್ದರೆ ಕ್ರಮವಿಧಿಯು ಆಜ್ಞಾಗ್ರಾಹಕ ಭಾಗವನ್ನೇ ಅಳಿಸಿ ಅದರ ಮೇಲೆ ತಾನು ಕುಳಿತುಕೊಳ್ಳುತ್ತಿತ್ತು. ಕಾರ್ಯ ಮುಗಿದ ಮೇಲೆ ಆ ಭಾಗವನ್ನು ಡಿಸ್ಕಿನಿಂದ ಮತ್ತೆ ತರಬೇಕಾಗುತ್ತಿತ್ತು. ಕರೆದವನು ಅಳಿದು ಹೋಗುವಲ್ಲಿ ಅವನೆಡೆಗೆ ಹಿಂದಿರುಗುವ ಪ್ರಶ್ನೆಯೇ ಇಲ್ಲ. ಹಲವು ಆಜ್ಞೆಗಳನ್ನು ಒಂದರ ಹಿಂದೊಂದು ನಡೆಸಬೇಕಾದಾಗ ಅವುಗಳನ್ನು ಡಿಸ್ಕಿನ ಮೇಲೆ ಒಂದು ತಾತ್ಕಾಲಿಕ ಕಡತದಲ್ಲಿ ಬರೆದಿಡುವ ಉಪಾಯವನ್ನು ಅನುಸರಿಸಲಾಯಿತು.

ಇದಕ್ಕಿಂತ ಐದು ವರ್ಷ ಮೊದಲು, 1969ರಲ್ಲಿ, ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಇವರು ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದ್ದರು. ಅಲ್ಲಿಯೂ ಪ್ರಾರಂಭದಲ್ಲಿ ಇದೇ ಸ್ಥಿತಿ. ‘ಶೆಲ್’ ಎಂಬ ಆಜ್ಞಾಗ್ರಾಹಕವು ತನ್ನ ಮೇಲೆ ಹೊಸ ಕ್ರಮವಿಧಿಯನ್ನು ಬರೆಸಿಕೊಂಡು ಮರೆಯಾಗುತ್ತಿತ್ತು. ಆ ಕ್ರಮವಿಧಿ ಮುಗಿದೊಡನೆ ವ್ಯವಸ್ಥೆಯು ಶೆಲ್‌ನ ಹೊಸ ಪ್ರತಿಯೊಂದನ್ನು ತರುತ್ತಿತ್ತು. ಅನಂತರ ‘ಫೋರ್ಕ್’ ಎಂಬ ಸೌಲಭ್ಯ ಸೇರಿತು. ಇದರಿಂದ ಕ್ರಮವಿಧಿಯು ತನ್ನದೇ ಪ್ರತಿಯನ್ನು ನಿರ್ಮಿಸಿ, ಪ್ರತಿಯನ್ನು ಕೆಲಸಕ್ಕೆ ಕಳುಹಿಸಿ, ತಾನು ಕಾದು ಕುಳಿತುಕೊಳ್ಳುವುದು ಸಾಧ್ಯವಾಯಿತು. ಈ ಮಹತ್ತರ ಮಾರ್ಪಾಡಿಗೆ ಬೇಕಾದುದು ಕೇವಲ 27 ಸಾಲುಗಳೆಂದು ರಿಚಿಯವರು ದಾಖಲಿಸಿದ್ದಾರೆ. ಇದರ ಒಂದು ಪರಿಣಾಮ ಅನಿರೀಕ್ಷಿತವಾದುದು: ಕಡತಕೋಶವನ್ನು ಬದಲಿಸುವ ಆಜ್ಞೆಯು ಒಮ್ಮೆಲೆ ನಿಷ್ಫಲವಾಯಿತು. ಕೋಶವನ್ನು ಬದಲಿಸಿದ್ದು ಮಗು. ಮಗು ಮುಗಿದಾಗ ಬದಲಾವಣೆಯೂ ಮುಗಿಯಿತು. ಕಾಯುತ್ತಿದ್ದ ತಾಯಿ ಇದ್ದಲ್ಲಿಯೇ ಇದ್ದಳು. ಆದುದರಿಂದ ಆ ಆಜ್ಞೆಯನ್ನು ಶೆಲ್ ತಾನೇ ನೆರವೇರಿಸುವಂತೆ ಮಾಡಬೇಕಾಯಿತು.

3. ಡಾಸ್‌ನ 2.0 ಆವೃತ್ತಿ

1981ರ ಆಗಸ್ಟ್ ತಿಂಗಳಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್‌ನ ಪ್ರಥಮ ಆವೃತ್ತಿಯಲ್ಲಿ, ಒಂದು ಕ್ರಮವಿಧಿಯು ಇನ್ನೊಂದನ್ನು ಕರೆದು ಮರಳಿ ನಿಯಂತ್ರಣ ಪಡೆಯುವ ಸೌಲಭ್ಯವನ್ನು ವ್ಯವಸ್ಥೆಯು ಒದಗಿಸಿರಲಿಲ್ಲ. 1983ರ ಮಾರ್ಚ್ ತಿಂಗಳಲ್ಲಿ ಹೊರಬಂದ 2.0 ಆವೃತ್ತಿಯು ಈ ಕೊರತೆಯನ್ನು ನೀಗಿಸಿತು. ಹದಿನಾರರ ಎಣಿಕೆಯಲ್ಲಿ ಅನುಕ್ರಮವಾಗಿ 4ಎ, 4ಬಿ, 4ಸಿ, 4ಡಿ ಎಂಬ ಸಂಖ್ಯೆಗಳುಳ್ಳ ನಾಲ್ಕು ಸೇವೆಗಳಲ್ಲಿ ಇದರ ಸಮಗ್ರ ವಿಧಾನವು ಅಡಗಿದೆ.

ಡಾಸ್ ತಾನು ಆರಂಭಿಸಿದ ಕ್ರಮವಿಧಿಗೆ ಸಾಮಾನ್ಯವಾಗಿ ಮುಕ್ತ ಸ್ಮೃತಿಯನ್ನೆಲ್ಲ ಒಪ್ಪಿಸಿಬಿಡುತ್ತಿತ್ತು. ಆದುದರಿಂದ ಇನ್ನೊಂದನ್ನು ಕರೆಯಬಯಸುವ ತಾಯಿ-ಕ್ರಮವಿಧಿಯು ಮೊದಲು 4ಎ ಸೇವೆಯಿಂದ ತನ್ನ ಪಾಲನ್ನು ಕುಗ್ಗಿಸಿಕೊಳ್ಳಬೇಕು. ಬಳಿಕ 4ಬಿ ಸೇವೆಯ ಮೂಲಕ ಮಗುವಿನ ಹೆಸರನ್ನೂ, ಅದಕ್ಕೆ ಹೇಳಬೇಕಾದ ಮಾತುಗಳನ್ನೂ ಒಪ್ಪಿಸಬೇಕು. ಮಗುವಿಗೆ 256 ಬೈಟುಗಳ ಒಂದು ಮುನ್ನೊಕ್ಕಣೆ ಸಿದ್ಧವಾಗುತ್ತದೆ. ಮುಗಿದ ಮೇಲೆ ಹಿಂದಿರುಗಬೇಕಾದ ವಿಳಾಸವು ಅದರಲ್ಲಿರುತ್ತದೆ, ತಾಯಿ ಹೇಳಿದ ಮಾತುಗಳು ಅದರ ಉತ್ತರಾರ್ಧದಲ್ಲಿರುತ್ತವೆ. ಮಗು ತನ್ನ ಕಾರ್ಯವನ್ನು 4ಸಿ ಸೇವೆಯಿಂದ ಮುಗಿಸಿ, 0ಯಿಂದ 255ರವರೆಗಿನ ಒಂದು ಅಂಕೆಯನ್ನು ವರದಿಯಾಗಿ ಬಿಟ್ಟುಹೋಗುತ್ತದೆ. ತಾಯಿಯು ಅದನ್ನು 4ಡಿ ಸೇವೆಯಿಂದ ಓದಬಹುದು, ಆದರೆ ಒಂದೇ ಸಲ. ಓದಿದ ಮೇಲೆ ವರದಿಯು ಇಲ್ಲವಾಗುತ್ತದೆ.

ಆನುವಂಶಿಕತೆಯ ವಿಷಯದಲ್ಲಿ ಡಾಸ್ ಯುನಿಕ್ಸ್‌ನಿಂದ ಭಿನ್ನವಾಗಿತ್ತು. ತಾಯಿಯ ಪರಿಸರ-ಪಟ್ಟಿ, ಅಂದರೆ ಕಡತಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬಂಥ ಸೂಚನೆಗಳು, ಮಗುವಿಗೆ ಪ್ರತಿಯಾಗಿ ದೊರೆಯುತ್ತಿದ್ದವು; ಮಗು ಅವನ್ನು ತಿದ್ದಿದರೆ ತಾಯಿಗೆ ಬಾಧೆಯಿಲ್ಲ. ಪ್ರಸ್ತುತ ಕಡತಕೋಶವಾದರೋ ಇಡೀ ವ್ಯವಸ್ಥೆಗೆ ಸಾಮಾನ್ಯವಾದುದು. ಮಗು ಅದನ್ನು ಬದಲಿಸಿದರೆ ತಾಯಿಯು ಹಿಂದಿರುಗಿ ನೋಡುವಾಗ ಬೇರೆಯೇ ಕೋಶದಲ್ಲಿರುತ್ತಿದ್ದಳು. ಒಂದೇ ಸಮಸ್ಯೆಗೆ ಎರಡು ವ್ಯವಸ್ಥೆಗಳು ನೀಡಿದ ಪರಿಹಾರಗಳ ಈ ಭೇದವು ತಂತ್ರದ ಇತಿಹಾಸದಲ್ಲಿ ಗಮನಾರ್ಹವಾಗಿದೆ.

ಆಜ್ಞಾಪಟ್ಟಿಗಳ, ಎಂದರೆ ಬ್ಯಾಚ್ ಕಡತಗಳ, ವಿಷಯದಲ್ಲಿ ಹಳೆಯ ದೋಷವು ಇನ್ನೂ ಕೆಲಕಾಲ ಉಳಿಯಿತು. ಒಂದು ಪಟ್ಟಿಯು ಇನ್ನೊಂದನ್ನು ಹೆಸರಿಸಿದರೆ ನಿಯಂತ್ರಣವು ಎರಡನೆಯದಕ್ಕೆ ಹೋಗಿ ಮೊದಲನೆಯದಕ್ಕೆ ಮರಳುತ್ತಿರಲಿಲ್ಲ. ಮರಳಬೇಕಾದರೆ ಆಜ್ಞಾಗ್ರಾಹಕದ ಎರಡನೆಯ ಪ್ರತಿಯೊಂದನ್ನು ನಡೆಸಬೇಕಾಗಿತ್ತು. 1987ರ 3.3 ಆವೃತ್ತಿಯಲ್ಲಿ ‘ಕಾಲ್’ ಎಂಬ ಆಜ್ಞೆಯು ಸೇರಿದ ಮೇಲೆಯೇ ಈ ತೊಡಕು ಪರಿಹಾರವಾಯಿತು.

4. ಕನ್ನಡ ದಾಖಲೆಗಳ ಪ್ರಶ್ನೆ

ಇದೆಲ್ಲವೂ ಯಂತ್ರಶಾಸ್ತ್ರಕ್ಕೆ ಸೇರಿದ ವಿಷಯ, ಇತಿಹಾಸಕಾರನಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಉತ್ತರವು ನಮ್ಮ ಭಾಷೆಯ ಸ್ಥಿತಿಯಲ್ಲಿದೆ. ಡಾಸ್ ಸ್ವತಃ ಕನ್ನಡವನ್ನು ಅರಿಯದು. ಕಾನ್ಪುರದ ಐಐಟಿಯಲ್ಲಿ ಆರಂಭವಾದ ಕಾರ್ಯವನ್ನು ಮುಂದುವರಿಸಿ, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ‘ಜಿಸ್ಟ್’ ಕಾರ್ಡನ್ನು ಪ್ರಚಾರಕ್ಕೆ ತಂದಿತು. ಯಂತ್ರದೊಳಗೆ ಆ ಕಾರ್ಡನ್ನು ಕೂಡಿಸಿದ ಮೇಲೆ, ಇಂಗ್ಲಿಷಿಗಾಗಿ ನಿರ್ಮಿತವಾದ ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ಕ್ರಮವಿಧಿಗಳಲ್ಲಿ ಕನ್ನಡವನ್ನು ಬರೆಯಲು ಸಾಧ್ಯವಾಯಿತು. ಡಿಬೇಸ್-3ರಲ್ಲಿ ‘ರನ್’ ಎಂಬ ಆಜ್ಞೆಯಿಂದ ಮತ್ತೊಂದು ಕ್ರಮವಿಧಿಯನ್ನು ಕರೆಯಬಹುದಾಗಿತ್ತು. 640 ಕಿಲೋಬೈಟಿನ ಮಿತಿಯೊಳಗೆ ತಾಯಿ, ಮಗು ಇಬ್ಬರೂ ಹಿಡಿಸಬೇಕಾಗಿತ್ತು. ಹೀಗೆ ಒಂದು ಕನ್ನಡ ಪಟ್ಟಿಯ ಹಿಂದೆ ಕಾರ್ಡು, ಆಜ್ಞಾಗ್ರಾಹಕ, ಡಿಬೇಸ್, ಅದು ಕರೆದ ಕ್ರಮವಿಧಿ ಎಂಬ ನಾಲ್ಕು ಮೆಟ್ಟಿಲುಗಳಿರಬಹುದು. ಉಳಿದು ಬರುವುದು ಕೊನೆಯ ಫಲವಾದ ಕಡತ ಮಾತ್ರ.

ಆ ಕಡತವು ತನ್ನ ವಂಶಾವಳಿಯನ್ನು ತಾನೇ ಹೇಳಲಾರದು. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತಪದ್ಧತಿಯಲ್ಲಿ ಕನ್ನಡದ ‘ಕ’ಕಾರಕ್ಕೂ ದೇವನಾಗರಿಯ ‘ಕ’ಕಾರಕ್ಕೂ ಒಂದೇ ಅಂಕೆ. ಲಿಪಿಸೂಚಕವನ್ನು ಬೇರೆಯಾಗಿ ಸೇರಿಸದಿದ್ದರೆ, ಯಾವ ಲಿಪಿ ತೆರೆಯ ಮೇಲೆ ಮೂಡುವುದೆಂಬುದನ್ನು ನಿರ್ಣಯಿಸುವುದು ಕಡತವಲ್ಲ, ಅದನ್ನು ತೋರಿಸುವ ಸಾಧನ. ಭಾಷೆಯನ್ನು ಓದಿ ಗುರುತಿಸಬಹುದು ನಿಜ. ಆದರೆ ಎರಡೂ ಲಿಪಿಗಳಲ್ಲಿ ಬರೆಯಲಾಗುವ ಕೊಂಕಣಿ ಅಥವಾ ಸಂಸ್ಕೃತ ಪಾಠವೊಂದನ್ನು ಲೇಖಕನು ಯಾವ ಲಿಪಿಯಲ್ಲಿ ಕಂಡನೆಂಬುದು ಕಡತದ ಬೈಟುಗಳಿಂದ ತಿಳಿಯದು. ಕನ್ನಡ, ಮರಾಠಿಗಳೆರಡೂ ಬಳಕೆಯಲ್ಲಿದ್ದ ನಮ್ಮ ಪ್ರದೇಶಕ್ಕೆ ಇದು ಅಲ್ಪ ವಿಷಯವಲ್ಲ. ಸ್ವಂತ ಅಕ್ಷರಸಂಕೇತಗಳನ್ನು ಬಳಸಿದ ಇತರ ತಂತ್ರಾಂಶಗಳ ಕಡತಗಳಾದರೋ ಆಯಾ ತಂತ್ರಾಂಶವಿಲ್ಲದೆ ಓದಲು ಬಾರದ ಚಿಹ್ನೆಗಳ ರಾಶಿಯಾಗಿ ತೋರುತ್ತವೆ.

ಕಾಲನಿರ್ಣಯದಲ್ಲಿಯೂ ಜಾಗರೂಕತೆ ಅವಶ್ಯ. ಡಾಸ್ ಪ್ರತಿಯೊಂದು ಕಡತಕ್ಕೆ ದಿನಾಂಕವನ್ನು ಬರೆಯುತ್ತದೆ. ಆದರೆ 1981ರ ಮೂಲ ಪಿಸಿಯಲ್ಲಿ ವಿದ್ಯುತ್ತು ನಿಂತ ಮೇಲೆಯೂ ನಡೆಯುವ ಗಡಿಯಾರವಿರಲಿಲ್ಲ. ಬಳಸುವವರು ಪ್ರಾರಂಭದಲ್ಲಿ ದಿನಾಂಕವನ್ನು ಒದಗಿಸದಿದ್ದರೆ 1980ರ ಜನವರಿ 1 ಎಂದೇ ದಾಖಲಾಗುತ್ತಿತ್ತು. ಅಂಥ ದಿನಾಂಕವನ್ನು ಹೊತ್ತ ಕಡತವನ್ನು ಆ ದಿನದ್ದೆಂದು ಭಾವಿಸುವುದು, ಕೂಟಶಾಸನದ ತೇದಿಯನ್ನು ನಂಬಿದಷ್ಟೇ ಅನುಚಿತ. ಯಾವ ಕ್ರಮವಿಧಿಯು ಯಾವುದನ್ನು ಎಂದು ಕರೆಯಿತೆಂಬ ದಿನಚರಿಯನ್ನೂ ಡಾಸ್ ಇಡುತ್ತಿರಲಿಲ್ಲ. ಆದರೆ ಒಂದು ಸಾಕ್ಷ್ಯ ಉಳಿದಿರುತ್ತದೆ. ಯಂತ್ರವು ಚಾಲಿತವಾದೊಡನೆ ಓದುತ್ತಿದ್ದ ‘ಕಾನ್‌ಫಿಗ್’ ಮತ್ತು ‘ಆಟೋಎಕ್ಸೆಕ್’ ಎಂಬ ಎರಡು ಕಿರುಕಡತಗಳಲ್ಲಿ, ಏನೇನನ್ನು ಯಾವ ಅನುಕ್ರಮದಲ್ಲಿ ತೊಡಗಿಸಬೇಕೆಂಬುದು ಸಾಮಾನ್ಯ ಅಕ್ಷರಗಳಲ್ಲಿ ಬರೆದಿರುತ್ತದೆ. ಇವು ಗಣಕದಾಖಲೆಯ ಪ್ರಶಸ್ತಿಭಾಗವೆನ್ನಬಹುದು.

5. ಉಪಸಂಹಾರ

ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪಿತವಾದಂದಿನಿಂದ ಶಾಸನ, ತಾಡವೋಲೆ, ಕಡತಗಳ ಸಂಗ್ರಹವು ಈ ಊರಿನ ವಿದ್ವತ್ತಿನ ಮುಖ್ಯ ಕಾರ್ಯಗಳಲ್ಲೊಂದಾಗಿದೆ. ಅವಳಿ ನಗರದ ಹಳೆಯ ಮುದ್ರಣಾಲಯ, ಸಹಕಾರಿ ಸಂಘ ಅಥವಾ ಶಾಲೆಯೊಂದರ ಕಪಾಟಿನಲ್ಲಿ ಫ್ಲಾಪಿಗಳ ಕಟ್ಟು ದೊರೆತರೆ ಅದನ್ನೂ ಇದೇ ಶಿಸ್ತಿನಿಂದ ಕಾಣಬೇಕು. ಬೇಕಾದ ಕಡತವೊಂದನ್ನೇ ಆಯ್ದು ಪ್ರತಿಮಾಡದೆ ಇಡೀ ಡಿಸ್ಕಿನ ಪ್ರತಿಯನ್ನು ತೆಗೆಯಬೇಕು. ಯಂತ್ರವು ಉಳಿದಿದ್ದರೆ ಅದರ ಎರಡು ಆರಂಭಕಡತಗಳನ್ನೂ, ಒಳಗೆ ಕೂಡಿಸಿದ ಕಾರ್ಡಿನ ವಿವರವನ್ನೂ ಬರೆದುಕೊಳ್ಳಬೇಕು. ದಿನಾಂಕವನ್ನು ಅನ್ಯಸಾಕ್ಷ್ಯದಿಂದ ಪರೀಕ್ಷಿಸದೆ ಸ್ವೀಕರಿಸಬಾರದು. ಡಾಸ್‌ನ 2.0 ಆವೃತ್ತಿಯ ಮೂಲಪಾಠವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2014ರಲ್ಲಿ ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಬಹಿರಂಗಪಡಿಸಿರುವುದರಿಂದ, ಮೇಲೆ ವಿವರಿಸಿದ ವಿಧಾನವನ್ನು ಆಸಕ್ತರು ಮೂಲದಲ್ಲಿಯೇ ಪರಿಶೀಲಿಸಬಹುದು. ಕಲ್ಲು ಸಾವಿರ ವರ್ಷ ಬಾಳುತ್ತದೆ. ಫ್ಲಾಪಿಯ ಕಾಂತಲೇಪವು ಕೆಲವು ದಶಕಗಳಲ್ಲಿಯೇ ಕೆಡುತ್ತದೆ. ಆದುದರಿಂದ ಈ ಕಾರ್ಯವನ್ನು ಮುಂದಿನ ಪೀಳಿಗೆಗೆ ಬಿಡುವಂತಿಲ್ಲ; ಇಂದಿನ ವಿದ್ಯಾರ್ಥಿಗಳೇ ಇದನ್ನು ಕೈಗೊಳ್ಳಬೇಕಾಗಿದೆ.