ಗುಡುಗುಮೋಡವೂ ಹಗುರ ವಿಮಾನವೂ: ಒಂದು ನಿಯಮಾವಳಿಯ ಚರಿತ್ರೆ

೧

ಹಗುರ ವಿಮಾನವನ್ನು ನಡೆಸಲು ಕಲಿಯುವ ವಿದ್ಯಾರ್ಥಿಯ ಕೈಗೆ ತರಬೇತಿಯ ಮೊದಲ ದಿನಗಳಲ್ಲಿಯೇ ಕೆಲವು ವಿಧಿನಿಷೇಧಗಳು ಬರುತ್ತವೆ. ಗುಡುಗುಮೋಡವು ಎದುರಾಗಿ ಬರುತ್ತಿರುವಾಗ ನೆಲವನ್ನು ಬಿಟ್ಟು ಏಳಬಾರದು, ನೆಲಕ್ಕೆ ಇಳಿಯಲೂಬಾರದು. ಮೋಡದ ಆಚೆಯ ಬೆಳಕು ಕಣ್ಣಿಗೆ ಕಂಡರೂ ಅದರ ಅಡಿಯಲ್ಲಿ ತೂರಿ ಹೋಗಬಾರದು. ಉಗ್ರವಾದ ಗುಡುಗುಮೋಡದಿಂದ ಕಡಮೆಯೆಂದರೆ ೨೦ ಮೈಲಿ ದೂರವಿರಬೇಕು. ಹಾಗಿದ್ದೂ ಒಳಗೆ ಸಿಕ್ಕಿಬಿದ್ದರೆ ಹಿಂದಿರುಗುವ ಯತ್ನವನ್ನು ಮಾಡದೆ ನೇರವಾಗಿ ಸಾಗಬೇಕು. ವೇಗವನ್ನು ತಗ್ಗಿಸಿ ವಿಮಾನದ ಭಂಗಿಯನ್ನು ಸಮವಾಗಿ ಇಟ್ಟುಕೊಳ್ಳಬೇಕೇ ಹೊರತು ಎತ್ತರವನ್ನು ಉಳಿಸಿಕೊಳ್ಳಲು ಹೆಣಗಬಾರದು. ರಾತ್ರಿಯಾದರೆ ಒಳಗಿನ ದೀಪಗಳನ್ನು ಪೂರ್ಣವಾಗಿ ಬೆಳಗಿಸಿಕೊಳ್ಳಬೇಕು. ಏಕೆಂದರೆ ಮಿಂಚಿನ ಹೊಳಪು ಕತ್ತಲೆಗೆ ಒಗ್ಗಿದ ಕಣ್ಣನ್ನು ಕೆಲಕಾಲ ಕುರುಡಾಗಿಸುತ್ತದೆ.

ಈ ನಿಯಮಗಳನ್ನು ಓದಿದವರಿಗೆ ಇವು ಯಾವನೋ ಒಬ್ಬ ಅಧಿಕಾರಿಯು ಮೇಜಿನ ಮುಂದೆ ಕುಳಿತು ಬರೆದ ಬುದ್ಧಿಮಾತುಗಳೆಂದು ತೋರುವುದು ಸಹಜ. ವಸ್ತುತಃ ಇವುಗಳಲ್ಲಿ ಒಂದೊಂದರ ಹಿಂದೆಯೂ ಒಂದು ಅಪಘಾತ, ಒಂದು ವಿಚಾರಣೆ, ಅಥವಾ ಒಂದು ಸಾಹಸಪೂರ್ಣವಾದ ಪ್ರಯೋಗವಿದೆ. ಶಾಸನವನ್ನು ಓದಿ ರಾಜವಂಶದ ಚರಿತ್ರೆಯನ್ನು ಕಟ್ಟುವಂತೆ, ಈ ನಿಯಮಾವಳಿಯನ್ನು ಓದಿ ಒಂದು ಶತಮಾನದ ವೈಮಾನಿಕ ಜ್ಞಾನದ ಚರಿತ್ರೆಯನ್ನು ಕಟ್ಟಬಹುದು. ಗುಡುಗುಮೋಡದಲ್ಲಿ ಮನುಷ್ಯನು ಯಾವುದಕ್ಕೆ ಅಂಜಬೇಕು ಎಂಬ ಪ್ರಶ್ನೆಗೆ ದೊರೆತ ಉತ್ತರವು ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಆಕಾಶಕ್ಕೆ ಏರಿದ ಮನುಷ್ಯನು ಮೊದಲು ಅಂಜಿದ್ದು ಸಿಡಿಲಿಗೆ. ಮಿಂಚು ವಿದ್ಯುತ್ತೇ ಎಂಬ ಸಂಗತಿ ೧೭೫೨ರಲ್ಲಿ ಫ್ರಾನ್ಸಿನಲ್ಲಿ ದಾಲಿಬಾರ್ ನಡೆಸಿದ ಪ್ರಯೋಗದಿಂದ ಸಿದ್ಧವಾಗಿತ್ತು. ಆ ಪ್ರಯೋಗವನ್ನು ಸೂಚಿಸಿದವನು ಬೆಂಜಮಿನ್ ಫ್ರಾಂಕ್ಲಿನ್. ಮರುವರ್ಷವೇ ಅಂಥದೊಂದು ಪ್ರಯೋಗದಲ್ಲಿ ತೊಡಗಿದ್ದ ರಿಖ್‌ಮನ್ ಎಂಬ ವಿಜ್ಞಾನಿಯು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಿಡಿಲಿಗೆ ಬಲಿಯಾದನು. ಈ ಅಂಜಿಕೆ ಅನಿಲ ತುಂಬಿದ ಬೆಲೂನುಗಳ ಕಾಲದಲ್ಲಿ ಯಥಾರ್ಥವೇ ಆಗಿತ್ತು. ೧೯೨೩ರ ಸೆಪ್ಟೆಂಬರಿನಲ್ಲಿ ಬ್ರಸೆಲ್ಸಿನಿಂದ ಹೊರಟ ಗೋರ್ಡನ್ ಬೆನೆಟ್ ಬೆಲೂನು ಸ್ಪರ್ಧೆಯಲ್ಲಿ ಮೂರು ಬೆಲೂನುಗಳಿಗೆ ಸಿಡಿಲು ಬಡಿದು ಐವರು ಅಸುನೀಗಿದರು.

ಆದರೆ ಎರಡೇ ವರ್ಷಗಳಲ್ಲಿ ಬೇರೊಂದು ಬಗೆಯ ಸಾಕ್ಷ್ಯ ದೊರೆಯಿತು. ೧೯೨೫ರ ಸೆಪ್ಟೆಂಬರ್ ೩ರಂದು ಅಮೆರಿಕದ ನೌಕಾಪಡೆಯ ಶೆನಾಂಡೋವಾ ಎಂಬ ವಾಯುನೌಕೆ ಒಹಾಯೋ ಪ್ರಾಂತದ ಮೇಲೆ ಬಿರುಮಳೆಯ ಸಾಲೊಂದಕ್ಕೆ ಸಿಲುಕಿತು. ಅದರಲ್ಲಿ ತುಂಬಿದ್ದುದು ಉರಿಯದ ಹೀಲಿಯಂ ಅನಿಲ. ಸಿಡಿಲಿನಿಂದ ಅದಕ್ಕೆ ಬೆಂಕಿಯ ಭಯವಿರಲಿಲ್ಲ. ಆದರೂ ಅದು ಉಳಿಯಲಿಲ್ಲ. ಏರುಗಾಳಿಯು ಆ ಬೃಹದ್ದೇಹವನ್ನು ಮೇಲಕ್ಕೆ ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ಕಡೆಗೆ ಅದನ್ನು ಮುರಿದು ಚೆಲ್ಲಿತು. ಹದಿನಾಲ್ವರು ಮಡಿದರು. ಕೊಂದದ್ದು ಮಿಂಚಲ್ಲ, ಗಾಳಿ.

ಇದೇ ಏರುಗಾಳಿಯನ್ನು ವರವೆಂದು ಕಂಡವರೂ ಇದ್ದರು. ಎಂಜಿನಿಲ್ಲದ ಗ್ಲೈಡರಿನ ಚಾಲಕನಿಗೆ ಏರುಗಾಳಿಯೇ ಎಂಜಿನು. ೧೯೨೬ರ ಆಗಸ್ಟಿನಲ್ಲಿ ಜರ್ಮನಿಯ ರೋನ್ ಬೆಟ್ಟಗಳಲ್ಲಿ ಮಾಕ್ಸ್ ಕೇಗೆಲ್ ಎಂಬಾತನನ್ನು ಗುಡುಗುಮೋಡವೊಂದು ಒಳಗೆಳೆದುಕೊಂಡು ಸುಮಾರು ೫೫ ಕಿಲೋಮೀಟರ್ ಆಚೆಗೆ ಒಯ್ದು ಬಿಟ್ಟಿತು. ಆಗ ಅದೊಂದು ದಾಖಲೆ. ಆತನಿಗೆ 'ಗುಡುಗಿನ ಮಾಕ್ಸ್' ಎಂಬ ಅಡ್ಡಹೆಸರೇ ಬಿದ್ದಿತು. ಮುಂದಿನ ದಶಕದಲ್ಲಿ ಆ ಹಾದಿಯನ್ನು ಬೇಕೆಂದೇ ಹಿಡಿದ ಕೆಲವರು ದಾಖಲೆಗಳನ್ನು ಗಳಿಸಿದರು; ಕೆಲವರು ಮೋಡದೊಳಗೆ ಗ್ಲೈಡರು ಮುರಿದು ಪ್ರಾಣವನ್ನು ತೆತ್ತರು. ಒಂದೇ ಶಕ್ತಿ ಒಬ್ಬನಿಗೆ ಕೀರ್ತಿಯನ್ನೂ ಇನ್ನೊಬ್ಬನಿಗೆ ಮರಣವನ್ನೂ ಕೊಡುವುದಾದರೆ, ಆ ಶಕ್ತಿಯ ಅಳತೆ ಎಷ್ಟು? ಈ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ.

೩

ಉತ್ತರವನ್ನು ಹುಡುಕಲೇಬೇಕಾದ ಒತ್ತಾಯ ಬಂದುದು ಪ್ರಯಾಣಿಕ ವಿಮಾನಗಳಿಂದ. ೧೯೪೦ರ ಆಗಸ್ಟ್ ೩೧ರಂದು ವರ್ಜೀನಿಯಾದ ಲವೆಟ್ಸ್‌ವಿಲ್ ಬಳಿ ಗುಡುಗುಮಳೆಯ ನಡುವೆ ಡಿ.ಸಿ.-೩ ವಿಮಾನವೊಂದು ನೆಲಕ್ಕೆ ಅಪ್ಪಳಿಸಿ ಅದರಲ್ಲಿದ್ದ ೨೫ ಮಂದಿಯೂ ಮೃತರಾದರು. ಅವರಲ್ಲಿ ಅಮೆರಿಕದ ಸೆನೆಟಿನ ಸದಸ್ಯರೊಬ್ಬರೂ ಇದ್ದರು. ವಿಮಾನದ ತೀರ ಸಮೀಪದಲ್ಲಿ ಹೊಡೆದ ಪ್ರಬಲವಾದ ಮಿಂಚಿನಿಂದ ಚಾಲಕರು ಅಶಕ್ತರಾಗಿರಬೇಕು ಎಂದು ವಿಚಾರಣಾ ಮಂಡಲಿಯು ಊಹಿಸಿತು. ಅಪಘಾತದ ಕಾರಣವನ್ನು ಹೇಳುವಾಗ ಇನ್ನೂ ಮಿಂಚಿನ ಕಡೆಗೇ ಕೈ ತೋರಿಸಿದ್ದು ಗಮನಾರ್ಹ.

ಯುದ್ಧವು ಮುಗಿದೊಡನೆ ಅಮೆರಿಕದ ಹವಾಮಾನ ಇಲಾಖೆ, ಭೂಸೇನೆಯ ವಾಯುಪಡೆ, ನೌಕಾಪಡೆ ಮತ್ತು ವಿಮಾನಶಾಸ್ತ್ರದ ರಾಷ್ಟ್ರೀಯ ಸಲಹಾ ಮಂಡಲಿಗಳು ಒಟ್ಟುಗೂಡಿ 'ಗುಡುಗುಮೋಡ ಯೋಜನೆ'ಯನ್ನು ಕೈಗೊಂಡುವು. ಅದರ ನಿರ್ದೇಶಕರು ಷಿಕಾಗೋ ವಿಶ್ವವಿದ್ಯಾನಿಲಯದ ಹೊರೇಸ್ ಬೈಯರ್ಸ್. ಅವರಿಗೆ ನೆರವಾದವರು ರಾಸ್ಕೋ ಬ್ರಹಾಂ. ೧೯೪೬ರ ಬೇಸಗೆಯಲ್ಲಿ ಫ್ಲಾರಿಡಾದಲ್ಲಿಯೂ ೧೯೪೭ರಲ್ಲಿ ಒಹಾಯೋದಲ್ಲಿಯೂ ಕಾರ್ಯ ನಡೆಯಿತು. ಅದುವರೆಗೆ ಗುಡುಗುಮೋಡದ ಒಳಗನ್ನು ಕಂಡವರೆಲ್ಲ ಅಕಸ್ಮಾತ್ತಾಗಿ ಸಿಕ್ಕಿಬಿದ್ದವರು. ಈಗ ಮೊದಲ ಬಾರಿಗೆ ವ್ಯವಸ್ಥಿತವಾಗಿ, ರೇಡಾರಿನ ಮಾರ್ಗದರ್ಶನದಲ್ಲಿ, ಪಿ-೬೧ ಎಂಬ ಎರಡು ಎಂಜಿನಿನ ಯುದ್ಧವಿಮಾನಗಳು ಒಂದರ ಮೇಲೊಂದು ಐದು ಎತ್ತರಗಳಲ್ಲಿ ಒಂದೇ ಮೋಡವನ್ನು ಹೊಕ್ಕು ಹೊರಟವು. ಮೋಡವನ್ನು ಸಾವಿರದ ಮುನ್ನೂರಕ್ಕೂ ಹೆಚ್ಚು ಸಲ ಹಾಯ್ದದ್ದಾಯಿತು. ಹಲವು ಸಲ ಸಿಡಿಲು ವಿಮಾನಗಳಿಗೆ ಬಡಿಯಿತು. ಆದರೂ ಗುಡುಗುಮೋಡದಲ್ಲಿ ಒಂದು ವಿಮಾನವೂ ನಷ್ಟವಾಗಲಿಲ್ಲ.

೧೯೪೯ರಲ್ಲಿ ಪ್ರಕಟವಾದ ಇದರ ವರದಿ ಎರಡು ಮುಖ್ಯ ತತ್ತ್ವಗಳನ್ನು ಸ್ಥಾಪಿಸಿತು. ಗುಡುಗುಮೋಡ ಒಂದೇ ಇಡಿಯಾದ ದ್ರವ್ಯವಲ್ಲ. ಅದು ಹಲವು ಕೋಶಗಳ ಸಮೂಹ, ಒಂದೊಂದು ಕೋಶಕ್ಕೂ ಬೆಳವಣಿಗೆ, ಪ್ರೌಢಿ, ಅವಸಾನ ಎಂಬ ಮೂರು ದಶೆಗಳುಂಟು ಎಂಬುದು ಮೊದಲನೆಯದು. ಬೆಳವಣಿಗೆಯ ದಶೆಯಲ್ಲಿ ಗಾಳಿಯೆಲ್ಲ ಮೇಲಕ್ಕೇ ಏರುತ್ತದೆ. ಮಳೆಯು ನೆಲವನ್ನು ಮುಟ್ಟುವ ವೇಳೆಗೆ ಪ್ರೌಢದಶೆ. ಆಗ ಏರುಗಾಳಿಯೂ ಇಳಿಗಾಳಿಯೂ ಒಂದರ ಪಕ್ಕದಲ್ಲೊಂದು ಹರಿಯುತ್ತವೆ, ವಿಮಾನಕ್ಕೆ ಅತ್ಯಂತ ಅಪಾಯಕರವಾದುದು ಈ ದಶೆಯೇ. ಹಾಗೆ ಇಳಿದ ತಂಪುಗಾಳಿಯು ನೆಲವನ್ನು ಮುಟ್ಟಿ, ಮೋಡಕ್ಕಿಂತ ಮುಂದಾಗಿ, ಸುತ್ತಲೂ ಹರಡುತ್ತದೆ ಎಂಬುದು ಎರಡನೆಯದು. ನಮ್ಮ ಸೀಮೆಯಲ್ಲಿ ಬೇಸಗೆಯ ಸಂಜೆ ಮಳೆಯ ಮೊದಲ ಹನಿ ಬೀಳುವುದಕ್ಕೆ ಮುನ್ನವೇ ಧೂಳೆಬ್ಬಿಸಿಕೊಂಡು ಬರುವ ತಣ್ಣನೆಯ ಬಿರುಗಾಳಿಯನ್ನು ಯಾರು ಅರಿಯರು? ಹಿತವಾದ ಆ ಗಾಳಿಯೇ ನೆಲಕ್ಕೆ ಸಮೀಪದಲ್ಲಿರುವ ಸಣ್ಣ ವಿಮಾನಕ್ಕೆ ಮೃತ್ಯುವಾಗಬಲ್ಲುದು. 'ಎದುರಿನ ಗುಡುಗುಮೋಡಕ್ಕೆ ಮುಖಮಾಡಿ ಏಳಬೇಡ, ಇಳಿಯಬೇಡ' ಎಂಬ ನಿಯಮದ ಬೇರು ಇಲ್ಲಿದೆ.

ಈ ಯೋಜನೆಯಿಂದ ಒಂದು ತಪ್ಪು ತೀರ್ಮಾನಕ್ಕೂ ಅವಕಾಶವಿದ್ದಿತು. ಸಾವಿರಾರು ಸಲ ಹೊಕ್ಕು ಸುರಕ್ಷಿತವಾಗಿ ಬಂದರೆಂದ ಮೇಲೆ ಗುಡುಗುಮೋಡವನ್ನು ಗೆಲ್ಲಬಹುದಲ್ಲವೆ ಎಂದು ಕೇಳುವವರು ಒಂದು ಸಂಗತಿಯನ್ನು ಮರೆಯಬಾರದು. ಪಿ-೬೧ ಯುದ್ಧಕ್ಕಾಗಿ ಕಟ್ಟಿದ, ಹತ್ತು ಟನ್ನಿಗೂ ಮೀರಿದ ತೂಕದ ದೃಢವಾದ ಯಂತ್ರ. ಅದನ್ನು ನಡೆಸಿದವರು ಉಪಕರಣಗಳನ್ನೇ ನೋಡಿ ಹಾರುವುದರಲ್ಲಿ ಪರಿಣತರು. ನಾಲ್ವರು ಕೂರುವ ಹಗುರ ವಿಮಾನದ ತೂಕವಾದರೋ ಸುಮಾರು ಒಂದು ಟನ್. ರೆಕ್ಕೆಯ ವಿಸ್ತಾರಕ್ಕೆ ಹೋಲಿಸಿದರೆ ತೂಕ ಕಡಮೆಯಿರುವ ವಿಮಾನವನ್ನು ಗಾಳಿಯ ಹೊಡೆತ ಹೆಚ್ಚಾಗಿ ಎತ್ತಿ ಒಗೆಯುತ್ತದೆ. ಅದು ತನ್ನ ಪೂರ್ಣಶಕ್ತಿಯಿಂದ ಏರಬಲ್ಲುದು ನಿಮಿಷಕ್ಕೆ ಏಳೆಂಟು ನೂರು ಅಡಿ. ಗುಡುಗುಮೋಡದ ಇಳಿಗಾಳಿಯಾದರೋ ನಿಮಿಷಕ್ಕೆ ಹಲವು ಸಾವಿರ ಅಡಿ ಇಳಿಯಬಲ್ಲುದು. ಇಲ್ಲಿ ಚಾಲಕನ ಕೌಶಲ ಲೆಕ್ಕಕ್ಕೇ ಬಾರದು. ಇದು ಬರಿಯ ಅಂಕಗಣಿತ.

೪

ದೊಡ್ಡ ವಿಮಾನಗಳಿಗೂ ಈ ಅಂಕಗಣಿತದಿಂದ ಬಿಡುಗಡೆಯಿಲ್ಲವೆಂಬುದು ನಮ್ಮ ದೇಶದಲ್ಲಿಯೇ ಸಿದ್ಧವಾಯಿತು. ೧೯೫೩ರ ಮೇ ೨ರಂದು ಕಲ್ಕತ್ತೆಯ ಡಂಡಂ ನಿಲ್ದಾಣದಿಂದ ದೆಹಲಿಗೆ ಹೊರಟ ಕಾಮೆಟ್ ಜೆಟ್ ವಿಮಾನವು ಕೆಲವೇ ನಿಮಿಷಗಳಲ್ಲಿ ಗುಡುಗುಬಿರುಗಾಳಿಗೆ ಸಿಕ್ಕಿ ಆಕಾಶದಲ್ಲಿಯೇ ಮುರಿದು ೪೩ ಮಂದಿ ಮೃತರಾದರು. ವಂಗದೇಶದಲ್ಲಿ ಬೇಸಗೆಯ ಕಡೆಯ ದಿನಗಳ ಈ ಬಿರುಗಾಳಿಗೆ 'ಕಾಲಬೈಶಾಖಿ' ಎಂದು ಹೆಸರು. ಗಾಳಿಯ ಹೊಡೆತದಿಂದಲೋ, ಅದನ್ನು ಎದುರಿಸುವ ಭರದಲ್ಲಿ ಚಾಲಕನು ಹತೋಟಿಯನ್ನು ಮೀರಿ ಎಳೆದುದರಿಂದಲೋ ವಿಮಾನ ಮುರಿಯಿತೆಂದು ವಿಚಾರಣೆಯು ಅಭಿಪ್ರಾಯಪಟ್ಟಿತು. 'ಎತ್ತರಕ್ಕಾಗಿ ಹೆಣಗಬೇಡ' ಎಂಬ ನಿಯಮದ ಅರ್ಥವು ಈ ವಾಕ್ಯದ ಎರಡನೆಯ ಭಾಗದಲ್ಲಿ ಅಡಗಿದೆ.

೧೯೬೬ರ ಆಗಸ್ಟ್ ೬ರಂದು ನೆಬ್ರಾಸ್ಕಾದ ಫಾಲ್ಸ್ ಸಿಟಿ ಬಳಿ ಇನ್ನೊಂದು ಜೆಟ್ ವಿಮಾನ ಮುರಿದು ಬಿದ್ದು ೪೨ ಮಂದಿ ಸತ್ತರು. ಅದನ್ನು ಮುರಿದುದು ಬಿರುಮಳೆಯ ಸಾಲಿನ ಮುಂದುಗಡೆಯಲ್ಲಿ ಉರುಳುತ್ತಿದ್ದ ಗಾಳಿ. ಮೋಡದ ಅಂಚು ಅಪಾಯದ ಅಂಚಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ೨೦ ಮೈಲಿಯ ಅಂತರ ಏಕೆಂದು ಕೇಳುವ ವಿದ್ಯಾರ್ಥಿಗೆ ಹೇಳಬೇಕಾದ ಉತ್ತರವೂ ಇದೇ.

ಈ ಅಪಘಾತವನ್ನು ಅಭ್ಯಸಿಸಿದವರಲ್ಲಿ ತೆತ್ಸುಯಾ ಫುಜಿತಾ ಒಬ್ಬರು. ಅವರ ಕಥೆ ವಿದ್ವತ್ತಿನ ಇತಿಹಾಸದಲ್ಲಿ ಒಂದು ಸ್ವಾರಸ್ಯವಾದ ಅಧ್ಯಾಯ. ೧೯೪೭ರಲ್ಲಿ ಜಪಾನಿನ ಸೆಬುರಿ ಬೆಟ್ಟದ ಮೇಲಿನ ಸಾಧಾರಣ ಉಪಕರಣಗಳಿಂದ ಒಂದು ಗುಡುಗುಮೋಡವನ್ನು ಅಭ್ಯಾಸಮಾಡಿ, ಇಳಿಗಾಳಿಯುಂಟೆಂದು ಅವರು ಸ್ವತಂತ್ರವಾಗಿಯೇ ಕಂಡುಕೊಂಡಿದ್ದರು. ಅದೇ ಬೆಟ್ಟದ ಅಮೆರಿಕನ್ ರೇಡಾರ್ ಠಾಣೆಯ ಕಸದಲ್ಲಿ ಬೈಯರ್ಸರ ಲೇಖನವೊಂದು ಸಿಕ್ಕಿ ಅವರ ಕೈ ಸೇರಿತು. ಫುಜಿತಾ ತಮ್ಮ ಪ್ರಬಂಧವನ್ನು ಷಿಕಾಗೋಗೆ ಕಳುಹಿಸಿದರು; ಅಪಾರ ವೆಚ್ಚದ ಯೋಜನೆಯು ಕಂಡುದನ್ನೇ ಒಬ್ಬ ಯುವಕನು ಬರಿಗೈಯಲ್ಲಿ ಕಂಡಿದ್ದುದನ್ನು ನೋಡಿ ಬೈಯರ್ಸ್ ಅವರನ್ನು ೧೯೫೩ರಲ್ಲಿ ಬರಮಾಡಿಕೊಂಡರು.

೧೯೭೫ರ ಜೂನ್ ೨೪ರಂದು ನ್ಯೂಯಾರ್ಕಿನ ಕೆನೆಡಿ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಸಂಸ್ಥೆಯ ೬೬ನೆಯ ವಿಮಾನ ಓಡುದಾರಿಗೆ ಮುನ್ನವೇ ನೆಲಕ್ಕೆ ಬಿದ್ದು ನೂರಕ್ಕೂ ಹೆಚ್ಚು ಜನ ಮಡಿದರು. ಅದಕ್ಕೆ ತುಸು ಮುಂಚೆ ಬಂದ ಒಂದು ವಿಮಾನ ಇಳಿಯುವ ಯತ್ನವನ್ನು ಕೈಬಿಟ್ಟಿತ್ತು. ಬೇರೆ ಕೆಲವು ಕ್ಷೇಮವಾಗಿ ಇಳಿದಿದ್ದುವು. ಒಂದೇ ದಾರಿಯಲ್ಲಿ, ಒಂದೇ ಗಳಿಗೆಯಲ್ಲಿ, ಈ ಭೇದವೇಕೆ? ಕೆಲವೇ ನಿಮಿಷ ಬಾಳುವ, ನಾಲ್ಕು ಕಿಲೋಮೀಟರಿಗೂ ಕಿರಿದಾದ ಪ್ರದೇಶಕ್ಕೆ ಧುಮುಕುವ ಇಳಿಗಾಳಿಯಿಂದ ಎಂದು ಫುಜಿತಾ ವಾದಿಸಿದರು. ಅದನ್ನು ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ, ಬಳಿಕ ಇಳಿಗಾಳಿ, ಕೂಡಲೇ ಹಿಂಗಾಳಿ. ರೆಕ್ಕೆಯ ಆಧಾರ ಕ್ಷಣದಲ್ಲಿ ಕುಸಿಯುತ್ತದೆ. ವಿದ್ವಾಂಸರಲ್ಲಿ ಹಲವರು ಇದನ್ನು ಸಂದೇಹದಿಂದ ಕಂಡರು. ೧೯೭೮ರಲ್ಲಿ ಷಿಕಾಗೋ ಸಮೀಪದಲ್ಲಿಯೂ ೧೯೮೨ರಲ್ಲಿ ಡೆನ್ವರಿನ ಬಳಿಯಲ್ಲಿಯೂ ಡಾಪ್ಲರ್ ರೇಡಾರುಗಳಿಂದ ನಡೆದ ವೀಕ್ಷಣೆಗಳು ಸಂದೇಹವನ್ನು ನಿವಾರಿಸಿದುವು.

೫

ಹಾಗಾದರೆ ಮಿಂಚಿನ ಭಯ ನಿರಾಧಾರವೆ? ಹಾಗೆನ್ನುವಂತಿಲ್ಲ. ೧೯೬೩ರ ಡಿಸೆಂಬರ್ ೮ರಂದು ಮೇರಿಲೆಂಡಿನ ಎಲ್ಕ್‌ಟನ್ ಬಳಿ ಬೋಯಿಂಗ್ ೭೦೭ ವಿಮಾನದ ರೆಕ್ಕೆಯ ಇಂಧನದ ಆವಿಗೆ ಮಿಂಚಿನಿಂದ ಕಿಚ್ಚು ತಗುಲಿ ೮೧ ಮಂದಿ ಅಳಿದರು. ಇಂಧನದ ತೊಟ್ಟಿಗಳನ್ನು ಮಿಂಚಿನಿಂದ ಕಾಪಾಡುವ ಕಟ್ಟುನಿಟ್ಟಾದ ನಿಯಮಗಳು ಆಮೇಲೆ ಬಂದುವು. ೧೯೮೦ರಿಂದ ೧೯೮೬ರವರೆಗೆ ನಾಸಾ ಸಂಸ್ಥೆಯ ಎಫ್-೧೦೬ಬಿ ವಿಮಾನವು ಸಿಡಿಲನ್ನು ಅರಸಿಕೊಂಡೇ ಗುಡುಗುಮೋಡಗಳನ್ನು ಹೊಕ್ಕು ೭೧೪ ಸಲ ಅದರ ಹೊಡೆತಕ್ಕೆ ಮೈಯೊಡ್ಡಿತು. ವಿಮಾನಕ್ಕೆ ಬಡಿಯುವ ಮಿಂಚಿನಲ್ಲಿ ಬಹುಪಾಲು, ವಿಮಾನವು ಅಲ್ಲಿ ಇರುವುದರಿಂದಲೇ ಹುಟ್ಟುತ್ತದೆಂಬುದು ಆ ಕಾಲದ ಸಂಶೋಧನೆಗಳಿಂದ ತಿಳಿದುಬಂದಿತು. ಸಿಡಿಲು ದಾರಿಯಲ್ಲಿ ಸಿಕ್ಕಿದುದನ್ನು ಬಡಿಯುವುದಕ್ಕಿಂತ ಹೆಚ್ಚಾಗಿ, ವಿಮಾನವೇ ಅದನ್ನು ಕರೆಯುತ್ತದೆ.

ಲೋಹದ ಹೊದಿಕೆಯುಳ್ಳ ವಿಮಾನದಲ್ಲಿ ವಿದ್ಯುತ್ತು ಹೊರಮೈಯಲ್ಲಿಯೇ ಹರಿದುಹೋಗುವುದರಿಂದ ಒಳಗಿನವರು ಸಾಮಾನ್ಯವಾಗಿ ಸುರಕ್ಷಿತರು. ಗಾಜಿನ ನಾರಿನಿಂದ ಮಾಡಿದ ಹಗುರ ವಿಮಾನಗಳಿಗೆ ಈ ರಕ್ಷೆಯಿಲ್ಲ. ೧೯೯೯ರ ಏಪ್ರಿಲ್ ೧೭ರಂದು ಇಂಗ್ಲೆಂಡಿನ ಡನ್‌ಸ್ಟೆಬಲ್ ಬಳಿ ಅಂಥ ಗ್ಲೈಡರೊಂದಕ್ಕೆ ಸಿಡಿಲು ಬಡಿದು ಅದು ಗಾಳಿಯಲ್ಲಿಯೇ ಛಿದ್ರವಾಯಿತು. ಒಳಗಿದ್ದ ಇಬ್ಬರೂ ಪ್ಯಾರಾಚೂಟಿನಿಂದ ಬದುಕಿಕೊಂಡರು. ೧೯೨೩ರ ಬೆಲೂನಿಗರ ಭಯವು ಮುಕ್ಕಾಲು ಶತಮಾನದ ಬಳಿಕ ಹೊಸ ವಸ್ತುವಿನ ರೂಪದಲ್ಲಿ ಹಿಂದಿರುಗಿತೆನ್ನಬೇಕು.

೬

ಈಚಿನ ದಶಕಗಳಲ್ಲಿ ಹಗುರ ವಿಮಾನದ ಚಾಲಕನಿಗೂ ಉಪಕರಣಗಳ ನೆರವು ದೊರೆತಿದೆ. ಮಿಂಚಿನ ವಿದ್ಯುತ್ ಸಂಕೇತಗಳನ್ನು ಹಿಡಿದು ಗುಡುಗುಮೋಡದ ದಿಕ್ಕನ್ನು ಸೂಚಿಸುವ ಯಂತ್ರವು ೧೯೭೦ರ ದಶಕದಲ್ಲಿ ಬಂದಿತು. ನೆಲದ ರೇಡಾರಿನ ಚಿತ್ರವನ್ನು ವಿಮಾನದಲ್ಲಿಯೇ ನೋಡುವ ಸೌಕರ್ಯ ಅನಂತರ ಬಂದಿತು. ಆದರೆ ಆ ಚಿತ್ರವು ಹದಿನೈದಿಪ್ಪತ್ತು ನಿಮಿಷ ಹಳೆಯದಾಗಿರಬಹುದೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯು ೨೦೧೨ರಲ್ಲಿ ಎಚ್ಚರಿಸಬೇಕಾಯಿತು. ಬೈಯರ್ಸ್ ಮತ್ತು ಬ್ರಹಾಂ ಅವರ ಲೆಕ್ಕದಲ್ಲಿ ಒಂದು ಕೋಶದ ಪ್ರೌಢದಶೆ ಹದಿನೈದರಿಂದ ಮೂವತ್ತು ನಿಮಿಷ. ಹೀಗಿರಲು ಚಾಲಕನು ತೆರೆಯ ಮೇಲೆ ಕಾಣುವ ತೆರಪು ಅವನು ಅಲ್ಲಿಗೆ ತಲಪುವ ಮುನ್ನವೇ ಮುಚ್ಚಿಹೋಗಿರಬಹುದು.

ಕಡೆಯದಾಗಿ ಒಂದು ನಿದರ್ಶನ. ೧೯೫೩ರ ನವೆಂಬರ್ ೨೦ರಂದು ಶಬ್ದದ ಇಮ್ಮಡಿ ವೇಗದಲ್ಲಿ ಹಾರಿದ ಪ್ರಪ್ರಥಮ ಮಾನವ ಸ್ಕಾಟ್ ಕ್ರಾಸ್‌ಫೀಲ್ಡ್. ೨೦೦೬ರ ಏಪ್ರಿಲ್ ೧೯ರಂದು, ತಮ್ಮ ೮೪ನೆಯ ವಯಸ್ಸಿನಲ್ಲಿ, ಒಂಟಿ ಎಂಜಿನಿನ ಸೆಸ್ನಾ ೨೧೦ ವಿಮಾನವನ್ನು ನಡೆಸುತ್ತಿದ್ದಾಗ ಅವರು ಜಾರ್ಜಿಯಾ ಪ್ರಾಂತದ ಮೇಲೆ ಗುಡುಗುಮೋಡವನ್ನು ಹೊಕ್ಕು ಮಡಿದರು. ಹಾರುವಾಗ ಹವೆಯ ಹೊಸ ವರ್ತಮಾನವನ್ನು ಅವರು ಪಡೆದಿರಲಿಲ್ಲ. ನೆಲದಲ್ಲಿದ್ದ ಸಂಚಾರ ನಿಯಂತ್ರಕನು ಮೋಡವನ್ನು ತಪ್ಪಿಸಲು ನೆರವಾಗಿರಲಿಲ್ಲ. ವಿಚಾರಣೆಯು ಈ ಎರಡನ್ನೂ ಕಾರಣವೆಂದು ಎಣಿಸಿತು. ಅಷ್ಟು ಅನುಭವಿಯಾದವರಿಗೂ ಮೋಡವು ವಿನಾಯಿತಿ ಕೊಡಲಿಲ್ಲ.

ಈ ಚರಿತ್ರೆಯಿಂದ ಫಲಿಸುವ ಅರ್ಥ ಸ್ಪಷ್ಟ. ಸಿಡಿಲಿನಿಂದ ಏರುಗಾಳಿಗೆ, ಏರುಗಾಳಿಯಿಂದ ಇಳಿಗಾಳಿಗೆ, ಅಲ್ಲಿಂದ ಮತ್ತೆ ಸಿಡಿಲಿಗೆ ನಮ್ಮ ಅಂಜಿಕೆ ಸ್ಥಾನ ಬದಲಾಯಿಸಿದೆ. ಅಂಜಿಕೆಯ ಅಗತ್ಯ ಮಾತ್ರ ಬದಲಾಗಿಲ್ಲ. ಬಲಿಷ್ಠ ವಿಮಾನಗಳು ಮೋಡವನ್ನು ಹೊಕ್ಕು ತಂದ ಜ್ಞಾನದ ಸಾರವು ಹಗುರ ವಿಮಾನಕ್ಕೆ ಒಂದೇ ಮಾತಿನಲ್ಲಿ ಇಳಿಯುತ್ತದೆ: ಒಳಗೆ ಹೋಗಬೇಡ. ನೆಲದ ಮೇಲೆ ನಿಂತು ಮೋಡವು ಕಳೆಯುವುದನ್ನು ಕಾಯುವ ಚಾಲಕನು ಪುಕ್ಕಲನಲ್ಲ. ತನಗಿಂತ ಮುಂಚೆ ಹಾರಿದವರು ಪ್ರಾಣವಿತ್ತು ಬರೆದ ಗ್ರಂಥವನ್ನು ಅವನು ಓದಿದ್ದಾನೆ.