ಪ್ಯಾರಿಸ್‌ಗೆ ಸೌದೆ, ಹಾಲು, ನೀರು ಕೊಟ್ಟ ಮೊರ್ವಾಂ ಕಾಡು

ಪ್ಯಾರಿಸ್ ನಗರದಿಂದ ಆಗ್ನೇಯಕ್ಕೆ ಸುಮಾರು 250 ಕಿ.ಮೀ. ದೂರದಲ್ಲಿ, ಬರ್ಗಂಡಿ ಪ್ರಾಂತ್ಯದ ನಡುಭಾಗದಲ್ಲಿ, ಮೊರ್ವಾಂ ಎಂಬ ಗುಡ್ಡಗಾಡು ಪ್ರದೇಶವಿದೆ. ಬರ್ಗಂಡಿ ಎಂದೊಡನೆ ನೆನಪಾಗುವುದು ದ್ರಾಕ್ಷಿ ತೋಟಗಳು ಮತ್ತು ವೈನ್. ಆದರೆ ಮೊರ್ವಾಂನ ಗ್ರಾನೈಟ್ ನೆಲಕ್ಕೂ ಅಲ್ಲಿನ ಚಳಿಮಳೆಗೂ ದ್ರಾಕ್ಷಿ ಒಗ್ಗಲಿಲ್ಲ. ಅಲ್ಲಿರುವುದು ಕಾಡು, ಹುಲ್ಲುಗಾವಲು, ಬಿಳಿ ಬಣ್ಣದ ಶಾರೊಲೆ ದನಗಳು, ಕೆರೆಗಳು ಮತ್ತು ಚದುರಿದ ಸಣ್ಣ ಹಳ್ಳಿಗಳು. ಅತಿ ಎತ್ತರದ ಶಿಖರ ಓ-ಫೋಲಾಂ ಸಮುದ್ರ ಮಟ್ಟದಿಂದ ಕೇವಲ 901 ಮೀಟರ್ ಎತ್ತರದಲ್ಲಿದೆ. ಆಲ್ಪ್ಸ್ ನೋಡಲು ಫ್ರಾನ್ಸ್‌ಗೆ ಹೋಗುವವರು ಇದನ್ನು ಪರ್ವತವೆಂದು ಒಪ್ಪಲಿಕ್ಕಿಲ್ಲ.

1970ರಲ್ಲಿ ಈ ಪ್ರದೇಶವನ್ನು ಪ್ರಾದೇಶಿಕ ನಿಸರ್ಗ ಉದ್ಯಾನವೆಂದು ಘೋಷಿಸಲಾಯಿತು. ನಾಲ್ಕು ಜಿಲ್ಲೆಗಳಿಗೆ ಹಂಚಿಹೋಗಿರುವ ಈ ನಾಡಿಗೆ ಸ್ವಂತದ್ದೆನ್ನುವ ಜಿಲ್ಲಾಡಳಿತವೇ ಇಲ್ಲ. ಉದ್ಯಾನದ ಹೆಚ್ಚುಕಡಿಮೆ ಅರ್ಧಭಾಗ ಕಾಡು. ಪ್ರವಾಸಿಗರ ಕಣ್ಣಿಗೆ ಅದು ಮನುಷ್ಯನ ಕೈ ಸೋಕದ ಕಾಡಿನಂತೆ ಕಂಡರೂ ವಾಸ್ತವ ಬೇರೆ. ಶತಮಾನಗಳ ಕಾಲ ರಾಜಧಾನಿಯ ಅಗತ್ಯಕ್ಕೆ ತಕ್ಕಂತೆ ಕಡಿದು, ಬೆಳೆಸಿ, ಮತ್ತೆ ಕಡಿದ ಕಾಡು ಅದು.

ಹೊಳೆಯಲ್ಲಿ ಬಂದ ಸೌದೆ

16ನೇ ಶತಮಾನದ ಹೊತ್ತಿಗೆ ಪ್ಯಾರಿಸ್ ಸುತ್ತಲಿನ ಕಾಡುಗಳು ಕರಗಿ, ನಗರದಲ್ಲಿ ಸೌದೆಗೆ ಬರ ಬಂದಿತ್ತು. ಒಲೆಗೂ ಸೌದೆ ಬೇಕು, ಚಳಿ ಕಾಯಿಸಲೂ ಸೌದೆ ಬೇಕು. ಆಗ ವ್ಯಾಪಾರಿಗಳ ಕಣ್ಣು ಮೊರ್ವಾಂನ ಮೇಲೆ ಬಿತ್ತು. ಅಲ್ಲಿ ಮರವಿತ್ತು, ರಸ್ತೆ ಇರಲಿಲ್ಲ. ಆದರೆ ಅಲ್ಲಿ ಹುಟ್ಟುವ ಕ್ಯೂರ್ ಮತ್ತು ಯೊನ್ ಹೊಳೆಗಳ ನೀರು ಕೊನೆಗೆ ಸೇನ್ ನದಿಯನ್ನು ಸೇರಿ ಪ್ಯಾರಿಸ್ ನಡುವೆಯೇ ಹರಿಯುತ್ತದೆ. ಮರವನ್ನು ನೀರಿಗೆ ಬಿಟ್ಟರೆ ಸಾಕಲ್ಲವೇ ಎಂಬ ಯೋಚನೆಯನ್ನು ಆ ಶತಮಾನದ ನಡುವಿನಲ್ಲಿ ಕಾರ್ಯಗತಗೊಳಿಸಿದ ಶ್ರೇಯಸ್ಸು ಸಾಮಾನ್ಯವಾಗಿ ಜಾನ್ ರೂವೆ ಎಂಬ ವ್ಯಾಪಾರಿಗೆ ಸಲ್ಲುತ್ತದೆ.

ಚಳಿಗಾಲದಲ್ಲಿ ಓಕ್ ಮತ್ತು ಬೀಚ್ ಮರಗಳನ್ನು ಕಡಿದು, 1.14 ಮೀಟರ್ ಉದ್ದದ ತುಂಡುಗಳನ್ನಾಗಿ ಮಾಡಿ, ಪ್ರತಿ ತುಂಡಿನ ತುದಿಗೆ ಸುತ್ತಿಗೆಯಿಂದ ಮಾಲೀಕನ ಗುರುತು ಒತ್ತುತ್ತಿದ್ದರು. ಗುಡ್ಡದ ಮೇಲಿನ ಕೆರೆಗಳ ತೂಬು ತೆರೆದಾಗ ಬರುವ ಕೃತಕ ಪ್ರವಾಹದಲ್ಲಿ ಆ ತುಂಡುಗಳನ್ನು ಬಿಡಿಬಿಡಿಯಾಗಿ ತೇಲಿಬಿಡಲಾಗುತ್ತಿತ್ತು. ದಡಕ್ಕೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಗಂಡಸರು, ಹೆಂಗಸರು, ಮಕ್ಕಳು ಕೊಕ್ಕೆ ಹಿಡಿದು ಹೊಳೆಯುದ್ದಕ್ಕೂ ನಿಲ್ಲುತ್ತಿದ್ದರು. ಯೊನ್ ದಡದ ಕ್ಲಾಮ್ಸಿ ಪಟ್ಟಣದಲ್ಲಿ ಎಲ್ಲವನ್ನೂ ಮೇಲೆತ್ತಿ, ಗುರುತು ನೋಡಿ ವಿಂಗಡಿಸಿ, ಎಪ್ಪತ್ತು ಮೀಟರಿಗೂ ಉದ್ದವಾದ ತೆಪ್ಪಗಳನ್ನಾಗಿ ಕಟ್ಟುತ್ತಿದ್ದರು. ಆ ತೆಪ್ಪಗಳನ್ನು ನಡೆಸಿಕೊಂಡು ಪ್ಯಾರಿಸ್ ಮುಟ್ಟಿದವರು ಊರಿಗೆ ಮರಳಿದ್ದು ಬಹುತೇಕ ಕಾಲ್ನಡಿಗೆಯಲ್ಲಿ.

ಇಂದು ದೋಣಿವಿಹಾರಕ್ಕೆ ಪ್ರಸಿದ್ಧವಾಗಿರುವ ಸೆತೊಂ ಸರೋವರವೂ ಈ ವ್ಯಾಪಾರದ ಕೂಸು. ಮರ ತೇಲಿಸಲು ಹೆಚ್ಚಿನ ನೀರು ಬೇಕೆಂದು 1854ರಿಂದ 1858ರ ನಡುವೆ ಅದರ ಅಣೆಕಟ್ಟೆಯನ್ನು ಕಟ್ಟಲಾಯಿತು. ಅಷ್ಟರಲ್ಲಿ ಕಲ್ಲಿದ್ದಲು ಬಂದಿತ್ತು, ರೈಲೂ ಬಂದಿತ್ತು. ಸರೋವರ ತುಂಬುವ ಹೊತ್ತಿಗೆ ವ್ಯಾಪಾರ ಇಳಿಮುಖವಾಗಿತ್ತು ಎಂಬುದು ವಿಪರ್ಯಾಸ.

ತಾಯಂದಿರು ಮಾರಿದ ಹಾಲು

ಸೌದೆಯ ನಂತರ ಮೊರ್ವಾಂ ಪ್ಯಾರಿಸ್‌ಗೆ ಕಳುಹಿಸಿದ್ದು ತನ್ನ ಹೆಣ್ಣುಮಕ್ಕಳನ್ನು. 19ನೇ ಶತಮಾನದಲ್ಲಿ ಇಲ್ಲಿನ ಬಾಣಂತಿಯರು ರಾಜಧಾನಿಯ ಶ್ರೀಮಂತರ ಮನೆಗಳಲ್ಲಿ ಹಾಲೂಡುವ ದಾದಿಯರಾಗಿ ದುಡಿದರು. ಅವರ ಸ್ವಂತ ಕೂಸುಗಳು ಊರಿನಲ್ಲಿ ಅಜ್ಜಿಯ ಅಥವಾ ನೆರೆಯವರ ಕೈಯಲ್ಲಿ ಉಳಿಯುತ್ತಿದ್ದವು. ಬಹಳಷ್ಟು ಉಳಿಯುತ್ತಲೂ ಇರಲಿಲ್ಲ. ಮೊಂಸೋಷ್ ಊರಿನ ವೈದ್ಯ ಷಾರ್ಲ್ ಮೊನೊ 1860ರ ದಶಕದಲ್ಲಿ ಈ ಶಿಶುಮರಣಗಳ ಬಗ್ಗೆ ಬರೆದು ಸರ್ಕಾರದ ಗಮನ ಸೆಳೆದರು. ದಾದಿಯರ ಬಳಿ ಬೆಳೆಯುವ ಶಿಶುಗಳ ರಕ್ಷಣೆಗೆ ಫ್ರಾನ್ಸ್ 1874ರಲ್ಲಿ ಕಾನೂನು ತಂದಿತು.

ದಾದಿಯರು ತಂದ ಹಣದಲ್ಲಿ ಹಳೆಯ ಹುಲ್ಲಿನ ಮಾಡುಗಳ ಜಾಗದಲ್ಲಿ ಗಟ್ಟಿ ಕಟ್ಟಡಗಳು ಎದ್ದವು. ‘ಹಾಲಿನ ಮನೆ’ ಎಂದೇ ಅವುಗಳ ಹೆಸರು.

ಎದುರು ದಿಕ್ಕಿನ ಸಂಚಾರವೂ ಇತ್ತು. ಪ್ಯಾರಿಸ್‌ನಲ್ಲಿ ತಾಯ್ತಂದೆ ತೊರೆದ ಮಕ್ಕಳನ್ನು ಸರ್ಕಾರ ತಿಂಗಳ ಹಣ ಕೊಟ್ಟು ಇಲ್ಲಿನ ರೈತ ಕುಟುಂಬಗಳಲ್ಲಿ ಬಿಡುತ್ತಿತ್ತು. ಊರವರು ಅವರನ್ನು ‘ಪುಟ್ಟ ಪ್ಯಾರಿಸ್‌ಗಳು’ ಎಂದು ಕರೆದರು. ಮುಂದೆ ಫ್ರೆಂಚ್ ಸಾಹಿತ್ಯದಲ್ಲಿ ದೊಡ್ಡ ಹೆಸರಾದ ಜಾನ್ ಜೆನೆ ಅವರಲ್ಲೊಬ್ಬರು. 1910ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಜೆನೆ ಬೆಳೆದದ್ದು ಅಲಿನ್ಯಿ ಗ್ರಾಮದ ಬಡಗಿಯೊಬ್ಬರ ಮನೆಯಲ್ಲಿ. ಅದೇ ಗ್ರಾಮದಲ್ಲಿ 2016ರಲ್ಲಿ ದಾದಿಯರ ಮತ್ತು ಆ ಮಕ್ಕಳ ನೆನಪಿಗೆ ವಸ್ತುಸಂಗ್ರಹಾಲಯ ತೆರೆಯಿತು. ಮೊರ್ವಾಂನಲ್ಲಿ ಒಂದೇ ದಿನ ಇರುವವರು ಬೇರೇನನ್ನು ಬಿಟ್ಟರೂ ಇದನ್ನು ಬಿಡಬಾರದು.

ಮೂರನೆಯದು ನೀರು. 1910ರಲ್ಲಿ ಸೇನ್ ಉಕ್ಕಿ ಪ್ಯಾರಿಸ್ ಮುಳುಗಿದ ಮೇಲೆ ಮೇಲ್ಭಾಗದ ಹೊಳೆಗಳಿಗೆ ಕಟ್ಟೆ ಹಾಕುವ ಯೋಜನೆ ಬಲ ಪಡೆಯಿತು. ಯೊನ್ ನದಿಗೆ ಅಡ್ಡಲಾಗಿ ಕಟ್ಟಿದ ಪನ್ಸಿಯೇರ್ ಅಣೆಕಟ್ಟೆ 1949ರಲ್ಲಿ ಪೂರ್ಣಗೊಂಡಿತು. ಸಾಮರ್ಥ್ಯ ಸುಮಾರು 8 ಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಮೂರು ಟಿಎಂಸಿಗೆ ತುಸು ಕಡಿಮೆ. ರಾಜಧಾನಿಯನ್ನು ಕಾಯಲು ಕಣಿವೆಯ ಕೆಲವು ಕೇರಿಗಳು ಜಲಸಮಾಧಿಯಾದವು.

ಬೆಟ್ಟದ ಮೇಲಿನ ರಾಜಧಾನಿ

ಪ್ಯಾರಿಸ್ ಹೆಸರುವಾಸಿಯಾಗುವ ಮುನ್ನ ಮೊರ್ವಾಂನಲ್ಲೇ ಒಂದು ರಾಜಧಾನಿ ಇತ್ತು. 821 ಮೀಟರ್ ಎತ್ತರದ ಬ್ಯೂವ್ರೆ ಬೆಟ್ಟದ ಮೇಲಿನ ಬಿಬ್ರಾಕ್ಟ್, ಗಾಲ್ ಜನಾಂಗದ ಏಡುಯಿ ಬುಡಕಟ್ಟಿನ ಕೋಟೆನಗರ. ಕ್ರಿ.ಪೂ. 52ರಲ್ಲಿ ರೋಮನ್ನರ ವಿರುದ್ಧ ದಂಗೆಯೆದ್ದ ಗಾಲ್ ಪಂಗಡಗಳು ವೆರ್ಸಿಂಜೆಟೋರಿಕ್ಸ್‌ನ ನಾಯಕತ್ವವನ್ನು ಇಲ್ಲಿಯೇ ಅನುಮೋದಿಸಿದವು. ಅದೇ ವರ್ಷ ಅವನನ್ನು ಸೋಲಿಸಿದ ಜೂಲಿಯಸ್ ಸೀಸರ್ ಚಳಿಗಾಲ ಕಳೆದದ್ದೂ ಇಲ್ಲಿಯೇ. ಮುಂದೆ ಅಗಸ್ಟಸ್ ಚಕ್ರವರ್ತಿ ಕೆಳಗಿನ ಬಯಲಿನಲ್ಲಿ ಓತಾಂ ನಗರ ಕಟ್ಟಿಸಿದ ಮೇಲೆ ಬೆಟ್ಟ ಬರಿದಾಯಿತು. 1867ರಲ್ಲಿ ಉತ್ಖನನ ಆರಂಭಿಸಿದವರು ಓತಾಂನ ವೈನ್ ವ್ಯಾಪಾರಿ ಗಾಬ್ರಿಯೆಲ್ ಬ್ಯುಲಿಯೊ. 1984ರಿಂದ ಉತ್ಖನನ ಮತ್ತೆ ನಡೆಯುತ್ತಿದೆ.

ಕಾಡು ಮತ್ತೊಮ್ಮೆ ಉಪಯೋಗಕ್ಕೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಜರ್ಮನ್ನರ ವಿರುದ್ಧ ಹೋರಾಡುವ ಗೆರಿಲ್ಲಾ ಪಡೆಗಳು ಇಲ್ಲಿ ಅಡಗಿದ್ದವು. ಅದರ ಬೆಲೆಯನ್ನು ತೆತ್ತವರು ಹಳ್ಳಿಗರು. 1944ರ ಜೂನ್ ಕೊನೆಯಲ್ಲಿ ಜರ್ಮನ್ ಪಡೆಗಳು ಮೊಂಸೋಷ್ ಮತ್ತು ಪ್ಲಾಂಶೆ ಊರುಗಳನ್ನು ಸುಟ್ಟವು. ದಂ-ಲೆ-ಪ್ಲಾಸ್‌ನಲ್ಲಿ 27 ಮಂದಿಯನ್ನು ಕೊಂದವು. ಸೇಂ-ಬ್ರಿಸೋಂ ಗ್ರಾಮದಲ್ಲಿ ಇದಕ್ಕೆ ಸಂಬಂಧಿಸಿದ ವಸ್ತುಸಂಗ್ರಹಾಲಯವಿದೆ. ರಾಜಕೀಯದಲ್ಲಿ ಈ ನಾಡಿನ ಹೆಸರು ಫ್ರಾಂಸ್ವಾ ಮಿತರಾಂ ಅವರೊಂದಿಗೆ ಬೆಸೆದುಕೊಂಡಿದೆ. 1981ರಲ್ಲಿ ಅಧ್ಯಕ್ಷರಾಗುವವರೆಗೆ 22 ವರ್ಷ ಅವರು ಇಲ್ಲಿನ ಷಾತೊ-ಷಿನೋಂ ಪಟ್ಟಣದ ಮೇಯರ್ ಆಗಿದ್ದರು.

ಯಾವ ಮರದ ಕಾಡು?

ಯುದ್ಧದ ನಂತರ ಹಳ್ಳಿಗಳು ಖಾಲಿಯಾದವು. ನಗರ ಸೇರಿದ ವಾರಸುದಾರರು ಪಾಳುಬಿದ್ದ ಗದ್ದೆ, ಗೋಮಾಳಗಳಲ್ಲಿ ಮರ ನೆಟ್ಟರು. 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅರಣ್ಯ ನಿಧಿ ಅದಕ್ಕೆ ಧನಸಹಾಯ ನೀಡಿತು. ನೆಟ್ಟದ್ದು ಮುಖ್ಯವಾಗಿ ಸೂಜಿ ಎಲೆಯ ಮರಗಳನ್ನು. ಅದರಲ್ಲೂ ಉತ್ತರ ಅಮೆರಿಕದಿಂದ ಬಂದ ಡಗ್ಲಸ್ ಜಾತಿಯನ್ನು. ಓಕ್ ಕಟಾವಿಗೆ ಬರಲು ಶತಮಾನಕ್ಕೂ ಹೆಚ್ಚು ಕಾಲ ಬೇಕು, ಡಗ್ಲಸ್‌ಗೆ ಐವತ್ತು ವರ್ಷದ ಆಸುಪಾಸು ಸಾಕು. ಹಣ ಹೂಡುವವರ ಆಯ್ಕೆ ಯಾವುದೆಂದು ಹೇಳಬೇಕಿಲ್ಲ. ಅಗಲ ಎಲೆಯ ಹಳೆಯ ಕಾಡುಗಳನ್ನೂ ಕಡಿದು ಡಗ್ಲಸ್ ನೆಡತೊಡಗಿದಾಗ ಜಗಳ ಶುರುವಾಯಿತು.

ಇಡೀ ಗುಡ್ಡವನ್ನು ಒಮ್ಮೆಗೇ ಬೋಳಿಸಿದರೆ ಮಣ್ಣು ಕೊಚ್ಚಿ ಹೊಳೆ ಸೇರುತ್ತದೆ, ಒಂದೇ ಜಾತಿಯ ತೋಪಿನಲ್ಲಿ ಹಕ್ಕಿ, ಹುಳುಗಳಿಗೆ ನೆಲೆ ತಪ್ಪುತ್ತದೆ ಎಂಬುದು ವಿರೋಧಿಗಳ ವಾದ. ಕಟ್ಟಡಗಳಿಗೆ ಮರ ಬೇಕು, ಮರದ ಮಿಲ್ಲುಗಳೇ ಇಲ್ಲಿ ಉಳಿದಿರುವ ಉದ್ಯೋಗ ಎಂಬುದು ಇನ್ನೊಂದು ಪಕ್ಷ. ಎರಡನೆಯದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕೆಲಸವಿಲ್ಲದ ಹಳ್ಳಿಯಲ್ಲಿ ಯಾರೂ ಉಳಿಯುವುದಿಲ್ಲ. ಈ ನಡುವೆ 2018ರಿಂದ ಬಂದ ಬರಗಾಲಗಳಲ್ಲಿ ಸ್ಪ್ರೂಸ್ ತೋಪುಗಳು ತೊಗಟೆ ಕೊರೆಯುವ ಜೀರುಂಡೆಗೆ ಬಲಿಯಾಗಿ ಒಣಗಿದವು.

ಕೆಲವು ನಾಗರಿಕರು ಕಂಡುಕೊಂಡ ದಾರಿ ಸರಳವಾದದ್ದು. 2003ರಲ್ಲಿ ಸಂಘ ಕಟ್ಟಿಕೊಂಡು, ಸದಸ್ಯರಿಂದ ಷೇರು ಹಣ ಸಂಗ್ರಹಿಸಿ, ಮಾರಾಟಕ್ಕೆ ಬರುವ ಅಗಲ ಎಲೆಯ ಕಾಡನ್ನು ತುಂಡುತುಂಡಾಗಿ ಕೊಳ್ಳುತ್ತಿದ್ದಾರೆ. ಅಲ್ಲಿಯೂ ಮರ ಕಡಿಯುತ್ತಾರೆ. ಆದರೆ ಆರಿಸಿ, ಒಂದೊಂದಾಗಿ.

ನೋಡಲು ಹೋಗುವವರಿಗೆ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಅವಧಿ ಅನುಕೂಲಕರ. ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ಅವಲೋಂ ಮತ್ತು ಕ್ಲಾಮ್ಸಿಗೆ ರೈಲು ಇದೆ. ಅಲ್ಲಿಂದ ಒಳಗೆ ಬಸ್ಸುಗಳು ವಿರಳವಾದ ಕಾರಣ ಬಾಡಿಗೆ ಕಾರು ಬೇಕಾಗುತ್ತದೆ. ನಡೆಯಬಲ್ಲವರಿಗೆ ‘ಜಿ.ಆರ್. 13’ ಎಂಬ ಗುರುತು ಹಾಕಿದ ಕಾಲುದಾರಿ ಕಾಡಿನ ಮೂಲಕ ಸಾಗುತ್ತದೆ. ಬ್ಯೂವ್ರೆ ಬೆಟ್ಟದಲ್ಲಿ, ಹಿಂದೆ ರೈತರು ಬೇಲಿಗಾಗಿ ಬಾಗಿಸಿ ಹೆಣೆದ ಬೀಚ್ ಮರಗಳು ಇಂದು ದೈತ್ಯಾಕಾರವಾಗಿ, ಸೊಟ್ಟಸೊಟ್ಟಾಗಿ ನಿಂತಿವೆ.