ಹಾಸ್ಯಚಿತ್ರವೊಂದರ ಪಾಠಾಂತರ

ಶಾಸನ, ತಾಳೆಯೋಲೆ, ಕಡತ ಇವು ಇತಿಹಾಸದ ಆಕರಗಳೆಂಬುದರಲ್ಲಿ ವಿವಾದವಿಲ್ಲ. ಚಲನಚಿತ್ರವನ್ನು, ಅದರಲ್ಲಿಯೂ ನಗಿಸುವುದನ್ನೇ ಗುರಿಯಾಗಿಸಿಕೊಂಡ ಹೊಡೆದಾಟದ ಚಿತ್ರವನ್ನು, ಈ ಸಾಲಿಗೆ ಸೇರಿಸಲು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. 1994ರಲ್ಲಿ ಹಾಂಗ್‌ಕಾಂಗಿನಲ್ಲಿ ತೆರೆಕಂಡ 'ಡ್ರಂಕನ್ ಮಾಸ್ಟರ್' ಎರಡನೆಯ ಭಾಗವನ್ನು ಈಚೆಗೆ ಮತ್ತೆ ನೋಡಿದಾಗ ಆ ಹಿಂಜರಿಕೆ ಉಚಿತವಲ್ಲವೆಂದು ನಮಗೆ ತೋರಿತು. ಅಷ್ಟೇ ಅಲ್ಲದೆ, ತರಗತಿಯಲ್ಲಿ ನಾವು ಹೇಳುತ್ತ ಬಂದಿದ್ದ ಒಂದು ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು.

ಕಥೆ ನಡೆಯುವುದು ಇಪ್ಪತ್ತನೆಯ ಶತಮಾನದ ಆದಿಯ ದಕ್ಷಿಣ ಚೀನಾದಲ್ಲಿ. ನಾಯಕ ವಾಂಗ್ ಫೇ ಹುಂಗ್ ಸುಂಕ ತಪ್ಪಿಸಲೆಂದು ತನ್ನ ಜಿನ್ಸೆಂಗ್ ಬೇರನ್ನು ಬ್ರಿಟಿಷ್ ಕಾನ್ಸಲ್ ಕಡೆಯವರ ಸಾಮಾನಿನಲ್ಲಿ ಅಡಗಿಸುತ್ತಾನೆ. ಪೆಟ್ಟಿಗೆ ಅದಲುಬದಲಾಗಿ, ಕದ್ದು ಸಾಗಿಸುತ್ತಿದ್ದ ಚಕ್ರವರ್ತಿಯ ಪಚ್ಚೆಶಿಲೆಯ ಮುದ್ರೆ ಅವನ ಕೈಸೇರುತ್ತದೆ. ಕುಡಿದಷ್ಟೂ ಬಲ ಹೆಚ್ಚಿಸುವ ಅಮಲಿನ ಕಾಳಗದಿಂದ ಅವನು ಕೊನೆಗೆ ಉಕ್ಕಿನ ಕಾರ್ಖಾನೆಯಲ್ಲಿ ವೈರಿಗಳನ್ನು ಸೋಲಿಸುತ್ತಾನೆ.

ಕಥಾಕಾಲಕ್ಕೆ ಈ ಚಿತ್ರ ದುರ್ಬಲ ಸಾಕ್ಷಿ. 1847ರಲ್ಲಿ ಹುಟ್ಟಿದನೆನ್ನಲಾದ ಐತಿಹಾಸಿಕ ವಾಂಗ್ ಆ ವೇಳೆಗೆ ಐವತ್ತು ದಾಟಿದ್ದನು. ಇಲ್ಲಿ ಅವನು ತುಂಟ ತರುಣ. ಆ ತರುಣನ ಪಾತ್ರ ನಲವತ್ತರ ಸಮೀಪದಲ್ಲಿದ್ದ ಜಾಕಿ ಚಾನ್ ಅವರದು. ಮಲತಾಯಿಯ ಪಾತ್ರವನ್ನು ವಹಿಸಿದ ಅನಿತಾ ಮುಯ್ ಅವರಿಗಿಂತ ಒಂಬತ್ತು ವರ್ಷ ಕಿರಿಯರು!

ಆದರೆ ಚಿತ್ರ ತಯಾರಾದ ಕಾಲಕ್ಕೆ ಅದು ಸಮರ್ಥ ಸಾಕ್ಷಿಯೆನ್ನದೆ ವಿಧಿಯಿಲ್ಲ. 1984ರ ಒಪ್ಪಂದದಂತೆ 1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾಕ್ಕೆ ಮರಳಲಿತ್ತು. ಬ್ರಿಟಿಷ್ ಆಡಳಿತ ಇನ್ನೂ ಇದ್ದ ಆ ನಗರದಲ್ಲಿ, ಬ್ರಿಟಿಷ್ ಅಧಿಕಾರಿಯೇ ಪುರಾತನ ವಸ್ತುಗಳ ಕಳ್ಳನಾಗಿ ಕಾಣಿಸಿಕೊಂಡನು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಪೀಕಿಂಗಿನ ಯುವಾನ್‌ಮಿಂಗ್‌ಯುವಾನ್ ಅರಮನೆಯನ್ನು ಕೊಳ್ಳೆ ಹೊಡೆದುದನ್ನು ಇಲ್ಲಿ ನೆನೆಯಬೇಕು. ಆ ಬ್ರಿಟಿಷ್ ದಂಡಯಾತ್ರೆಯಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ಚಿತ್ರದಲ್ಲಿಯೂ ನಾಯಕನ ಕೊನೆಯ ಎದುರಾಳಿ ಕಾನ್ಸಲ್ ಅಲ್ಲ, ಅವನ ಸಂಬಳದ ಚೀನೀಯನೇ. ಪರರ ಕೊಳ್ಳೆಗೆ ಮನೆಯವರ ಕೈಯೂ ಬೇಕೆಂಬ ಈ ಅಂಶ ಬಾಲ್ಯದಲ್ಲಿ ನಮ್ಮ ಗಮನಕ್ಕೆ ಬಂದಿರಲಿಲ್ಲ.

ಇನ್ನು ಪಾಠದ ವಿಚಾರ. ನಿರ್ದೇಶಕ ಲಾವ್ ಕಾರ್ ಲ್ಯೂಂಗ್ ಅವರು ಐತಿಹಾಸಿಕ ವಾಂಗನ ಶಿಷ್ಯಪರಂಪರೆಗೆ ಸೇರಿದವರು. ಅವರ ತಂದೆಯ ಗುರು ಲಾಮ್ ಸಾಯ್ ವಿಂಗ್ ವಾಂಗನ ನೇರ ಶಿಷ್ಯ. ಚಿತ್ರ ಮುಗಿಯುವ ಮುನ್ನ ಲಾವ್ ಹೊರನಡೆದರು; ಅಂತಿಮ ಕಾಳಗವನ್ನು ಚಾನ್ ಅವರೇ ನಿರ್ದೇಶಿಸಿದರು. ಒಂದೇ ಓಲೆಯ ಮೇಲೆ ಇಬ್ಬರು ಲಿಪಿಕಾರರ ಕೈ ಕಾಣುವಂತೆ ಇಲ್ಲಿ ಎರಡು ಕೈಗಳಿವೆ.

ಮೂರನೆಯ ಕೈ 2000ದಲ್ಲಿ ಸೇರಿತು. ಆ ವರ್ಷ ಚಿತ್ರವು 'ದಿ ಲೆಜೆಂಡ್ ಆಫ್ ಡ್ರಂಕನ್ ಮಾಸ್ಟರ್' ಎಂಬ ಹೆಸರಿನಿಂದ ಇಂಗ್ಲಿಷ್ ಮಾತುಗಳೊಡನೆ ಅಮೆರಿಕದಲ್ಲಿ ತೆರೆಕಂಡಾಗ ಕೊನೆಯ ಪುಟ್ಟ ದೃಶ್ಯವನ್ನು ಕೈಬಿಡಲಾಯಿತು. ಗೆಲುವಿಗಾಗಿ ಕಾರ್ಖಾನೆಯ ಮದ್ಯಸಾರವನ್ನು ಕುಡಿದ ವಾಂಗ್ ಬುದ್ಧಿ ಕಳೆದುಕೊಂಡಿರುವುದು ಆ ದೃಶ್ಯದ ವಿಷಯ. ನಾವು ನೋಡಿ ಬೆಳೆದುದು ಇಂಗ್ಲಿಷ್ ಪಾಠವನ್ನು. ಅದರ ಆಧಾರದಿಂದಲೇ, ಈ ಚಿತ್ರ ಕುಡಿತವನ್ನು ಹೊಗಳುತ್ತದೆ, ಅದರ ಬೆಲೆಯನ್ನು ಮರೆಮಾಚುತ್ತದೆ ಎಂದು ವಿದ್ಯಾರ್ಥಿಗಳಿಗೆ ಬೋಧಿಸಿದೆವು. ಮೂಲಪಾಠದ ಮುಂದೆ ಈ ಆಕ್ಷೇಪ ನಿಲ್ಲದು. ಆ ದೃಶ್ಯ ಬುದ್ಧಿಭ್ರಮಣೆಯನ್ನು ನಗೆಗೆ ವಸ್ತುವಾಗಿಸಿರುವುದು ಅಭಿರುಚಿಹೀನವೇ ಸರಿ. ಆದರೂ ಅಮಲಿನ ಕಾಳಗವನ್ನು ನಿಷೇಧಿಸಿದ್ದ ತಂದೆಯ ಮಾತು ಅಲ್ಲಿ ದಿಟವಾಗುತ್ತದೆ. ಮರೆಮಾಚಿದ್ದು ಚಿತ್ರವಲ್ಲ, ಕತ್ತರಿ.

ಶಾಸನವನ್ನು ಓದುವಾಗ ಮೂಲವೋ ಪ್ರತಿಯೋ, ತ್ರುಟಿತವೋ ಪೂರ್ಣವೋ ಎಂದು ಮೊದಲು ವಿಚಾರಿಸುವ ನಾವು ಚಿತ್ರದ ವಿಷಯದಲ್ಲಿ ಆ ಎಚ್ಚರವನ್ನು ಮರೆತೆವು. ವಿನೋದದ ವಸ್ತುವೆಂಬ ಕಾರಣದಿಂದ ಆಕರವೊಂದಕ್ಕೆ ವಿಧಾನದಲ್ಲಿ ವಿನಾಯಿತಿ ಸಲ್ಲದು. ನಮ್ಮಿಂದ ಆ ತಪ್ಪು ಪಾಠವನ್ನು ಕೇಳಿದ ವಿದ್ಯಾರ್ಥಿಗಳಿಗೆ ಈ ತಿದ್ದುಪಡಿ ತಲುಪಲೆಂಬುದೇ ಈ ಬರಹದ ಉದ್ದೇಶ.